ಅಮಿನಾತಾಳ ಒಗೆಯುವ ಕೋಣೆ

ಅಮಿನಾತಾ ವೇದಿಕೆ ಹತ್ತುವ ಮೊದಲು ಶೂ ಬಿಚ್ಚಿಡುತ್ತಿದ್ದಳು. ಬರಿಗಾಲಲ್ಲಿ ಮೈಕಿನ ಮುಂದೆ ನಿಂತು, “ನನ್ನ ಮನೆಗೆ ಬಂದಿದ್ದೀರಿ, ನೆಟ್ಟಗೆ ಕೂತ್ಕೊಳ್ಳಿ” ಎನ್ನುತ್ತಿದ್ದಳು. ನಾವಿರುವ ಈ ಕಾರ್ಲ್‌ಸ್ಟಾಡ್ ಊರಿನ ಪಬ್ಬುಗಳಲ್ಲಿ ಹಾಗೆ ಒಬ್ಬಳೇ ನಿಂತು ಜನರನ್ನು ನಗಿಸಿದ ಮೊದಲ ಕಪ್ಪು ಹೆಂಗಸು ಅವಳು. ಹಗಲು ನನ್ನ ಮಗಳ ಡಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಪುಟ್ಟ ಮಕ್ಕಳ ಮೂಗು ಒರೆಸುವ ಕೆಲಸ. ಯಾರ ಕೈಯಲ್ಲೂ ವಿಡಿಯೋ ತೆಗೆಯುವ ಫೋನಿರದ ಕಾಲ ಅದು.

ಅವಳಿಗೆ ಹೆಸರು ತಂದದ್ದು ಒಗೆಯುವ ಕೋಣೆಯ ಪ್ರಸಂಗ. ಇಲ್ಲಿ ಇಡೀ ಕಟ್ಟಡಕ್ಕೆ ವಾಷಿಂಗ್ ಮಷಿನ್ನಿನ ಕೋಣೆ ಒಂದೇ. ಪಾಳಿ ಮೀರಿದರೆ, ಡ್ರೈಯರಿನ ಜಾಲರಿಯಲ್ಲಿ ನೂಲಿನ ಕಸ ಬಿಟ್ಟರೆ, ನೆರೆಯವರು ಬಾಯಿಬಿಟ್ಟು ಬೈಯುವುದಿಲ್ಲ, ವರ್ಷಗಟ್ಟಲೆ ಮುಖ ನೋಡುವುದಿಲ್ಲ. “ನಾನು ಎಲ್ಲಿಯವಳು ಅಂತ ಕೇಳ್ತೀರಲ್ಲ, ಬೇರೆಯವರ ಕಸ ಜಾಲರಿಯಲ್ಲಿ ಕಂಡ್ರೆ ನನಗೂ ಕೊಲ್ಲೋಷ್ಟು ಸಿಟ್ಟು ಬರುತ್ತೆ. ಇನ್ನೇನು ಸಾಕ್ಷಿ ಬೇಕು?” ಎನ್ನುತ್ತಿದ್ದಳು. ತುಟಿ ಬಿಚ್ಚದ ಜನ ಮೇಜು ಕುಟ್ಟಿ ನಗುತ್ತಿದ್ದರು.

ಟಿವಿಯಲ್ಲಿ ಒಮ್ಮೆ ನಿಲ್ಲಬೇಕೆಂಬುದು ಅವಳ ಆಸೆ. ಕೊನೆಗೂ ಟಿವಿಯವನೊಬ್ಬ ಬಂದು ನೋಡಿದ. ಮರುದಿನ ನನ್ನ ಮಗಳ ಜಾಕೆಟ್ಟಿನ ಜಿಪ್ ಎಳೆಯುತ್ತಾ ಅವಳು ಹೇಳಿದ ಇಂಗ್ಲಿಷ್ ಮಾತು ನನ್ನಲ್ಲಿ ಕನ್ನಡವಾಗಿಯೇ ಉಳಿದಿದೆ: “‘ಚೆನ್ನಾಗಿದೆ, ಆದ್ರೆ ಇದನ್ನ ಯಾರು ಬೇಕಾದ್ರೂ ಹೇಳಬಹುದು. ನೀನು ಆಫ್ರಿಕಾದ ನಿಮ್ಮಮ್ಮನ ಥರ ಮಾತಾಡು’ ಅಂದ ಕಣೆ. ನಮ್ಮಮ್ಮ ಇದೇ ಊರಿನ ಬಿಳಿ ಹೆಂಗಸು. ಆಫ್ರಿಕಾನ ಮ್ಯಾಪಲ್ಲಿ ನೋಡಿದಾಳೆ ಅಷ್ಟೆ.” ಅವಳು ಆಗದು ಎಂದಳು. ಅವನು ಮತ್ತೆ ಬರಲಿಲ್ಲ.

ಮುಂದಿನ ಚಳಿಗಾಲ ಅದೇ ಪಬ್ಬಿನ ಹೊಂಬಣ್ಣದ ಕೂದಲಿನ ಹುಡುಗನೊಬ್ಬ ಟಿವಿಯಲ್ಲಿ ಒಗೆಯುವ ಕೋಣೆಯ ಪ್ರಸಂಗ ಹೇಳಿದ. ಜಾಲರಿ, ಕಸ, ಸಿಟ್ಟು, ಎಲ್ಲ ಅವಳದೇ. ನಮ್ಮ ಮನೆಗೆ ಊಟಕ್ಕೆ ಬಂದಿದ್ದ, ಇಲ್ಲೇ ನೆಲೆಸಿದ ಬೆಂಗಳೂರಿನ ಗೆಳೆಯರು ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

“ಇದು ಅಮಿನಾತಾದು ಕಣ್ರೀ,” ಎಂದೆ.

“ಇರ್ಲಿ ಬಿಡೆ. ಇವ್ನು ಹೇಳಿದ್ರೆ ಒಂಥರಾ ಮಜಾ ಬರತ್ತೆ,” ಎಂದರು ನನ್ನ ಗಂಡ. ಆಫೀಸಿನಲ್ಲಿ ತಮ್ಮ ಐಡಿಯಾವನ್ನು ಬಿಳಿಯ ಮ್ಯಾನೇಜರ್ ತನ್ನದೆಂದ ದಿನ ಊಟ ಬಿಟ್ಟಿದ್ದ ಮಹಾಶಯರು ಇವರೇ.

ಅವಳನ್ನು ನಾನು ಕೊನೆಯ ಬಾರಿ ನೋಡಿದ್ದು ಅವಳು ಕೆಲಸವನ್ನೂ ಊರನ್ನೂ ಬಿಟ್ಟ ದಿನ. ಡಾಗಿಸ್‌ನ ಅಡುಗೆಮನೆಯಲ್ಲಿ ವಿದಾಯದ ಫೀಕಾ, ಎಲ್ಲರ ಕೈಯಲ್ಲೂ ಕಾಫಿ, ದಾಲ್ಚಿನ್ನಿ ಬನ್ನು. ಇನ್ನು ವೇದಿಕೆ ಹತ್ತುವುದಿಲ್ಲ ಎಂದಳು. ಯಾಕೆಂದು ಕೇಳಿದೆ.

“ಮೊನ್ನೆ ಪಬ್ಬಲ್ಲಿ ಒಗೆಯೋ ಕೋಣೆದು ಹೇಳಿದೆ. ಮುಂದಿನ ಸಾಲಲ್ಲಿದ್ದ ಹೆಂಗಸು ತುಂಬಾ ಮರ್ಯಾದೆಯಿಂದ, ‘ಆ ಹುಡುಗನದನ್ನ ಕದೀಬಾರದಮ್ಮ’ ಅಂದಳು.”

“ನೀನೇನಂದೆ?”

“ಸಾರಿ ಅಂದೆ.”