ಇದ್ದಿಲ ಬಸ್ಸು ನಿಲ್ಲುತ್ತಿದ್ದ ಜಾಗ

ಡಿಸೆಂಬರ್ ಮೂರನೆಯ ವಾರ, ಸೋಮವಾರ, ಬೆಳಿಗ್ಗೆ ಏಳೂವರೆ ಗಂಟೆ. ಇಂದಿರಾನಗರದ ನಮ್ಮ ಮನೆಯ ಗೇಟಿನ ಬಳಿ ಇದ್ದವರು ನಾನು ಮತ್ತು ಇಸ್ತ್ರಿ ಗಾಡಿಯವನು. ಅವನು ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿ, ಮೇಲೆ ಹೊಸ ಇದ್ದಿಲು ಹಾಕಿ, ರಟ್ಟಿನಿಂದ ಬೀಸುತ್ತಿದ್ದ. ಚಳಿಗಾಳಿಯಲ್ಲಿ ಇದ್ದಿಲ ಹೊಗೆ ಮೂಗಿಗೆ ಬಡಿಯಿತು. ಬಟ್ಟೆ ಎಣಿಸಿ ಕೊಡುತ್ತಿದ್ದವಳು ಎಣಿಕೆ ತಪ್ಪಿ ನಿಂತೆ. ಎಣಿಕೆ ತಪ್ಪುವುದು ನನ್ನ ಅಭ್ಯಾಸವಲ್ಲ.

ಅದು ಯುದ್ಧಕಾಲದ ಬಸ್ಸಿನ ವಾಸನೆ...

ಆಗ ನಾವು ಹಲಸೂರಿನಲ್ಲಿದ್ದೆವು. ಶಾಲೆಗೆ ಕ್ರಿಸ್‌ಮಸ್ ರಜೆ ಬಿಟ್ಟೊಡನೆ ಅಮ್ಮ, ನಾನು, ತಮ್ಮ ಮೂವರೂ ಕೋಲಾರದ ಅಜ್ಜಿಯ ಮನೆಗೆ ಹೋಗುವುದು ಪ್ರತಿ ವರ್ಷದ ಪದ್ಧತಿ. ಅಪ್ಪ ಅದಕ್ಕೊಂದು ನಿಯಮ ಮಾಡಿದ್ದರು. ಕ್ರಿಸ್‌ಮಸ್ಸಿಗೆ ಎರಡು ದಿನ ಮುಂಚೆ, ಮೊದಲ ಬಸ್ಸು, ಎಡಗಡೆಯ ಸೀಟು. ಪೆಟ್ರೋಲ್ ಸಿಗದ ಕಾಲವದು. ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಒಲೆ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಿಂದ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎನ್ನುವುದು ದೊಡ್ಡ ಮಾತು. ಕೃಷ್ಣರಾಜಪುರ ದಾಟಿ ಸ್ವಲ್ಪ ದೂರದಲ್ಲಿ ಒಂದು ಏರಿತ್ತು. ಅದರ ಬುಡಕ್ಕೆ ಬರುವಷ್ಟರಲ್ಲಿ ಬಸ್ಸಿನ ಉಸಿರು ಕಟ್ಟುತ್ತಿತ್ತು. ಅಲ್ಲಿನ ಆಲದ ಮರದ ಕೆಳಗೆ ನಿಲ್ಲಿಸಿ, ಬೂದಿ ಕೆರೆದು, ಹೊಸ ಇದ್ದಿಲು ತುಂಬಿ, ಗಾಳಿಚಕ್ರ ತಿರುವಿ ಬೆಂಕಿ ಎಬ್ಬಿಸಬೇಕು. ಆಮೇಲೆ ಮುಂದಿನ ಮಾತು.

ನಮ್ಮ ಜೊತೆ ಪಕ್ಕದ ಮನೆಯ ಅಕ್ಕ ಬರುತ್ತಿದ್ದಳು. ಅವಳ ಗಂಡ ತಮಿಳು ಕ್ರೈಸ್ತ, ಸಿಪಾಯಿಗಳ ಬಟ್ಟೆ ಹೊಲಿಯುವ ಟೈಲರ್. ಹಬ್ಬಕ್ಕೆ ಅವಳು ಚಿನ್ನದ ಗಣಿಯ ಊರಿನಲ್ಲಿದ್ದ ಅತ್ತೆಯ ಮನೆಗೆ ಹೋಗಬೇಕು. ಅಲ್ಲಿಗೆ ಸುಖವಾದ ರೈಲಿತ್ತು. ಗಂಡ ರೈಲಿನಲ್ಲೇ ಬರುತ್ತಿದ್ದ. ಇವಳು ಮಾತ್ರ ನಮ್ಮ ಜೊತೆ ಕೋಲಾರದವರೆಗೆ ಬಂದು, ಅಲ್ಲಿಂದ ಇನ್ನೊಂದು ಗಾಡಿ ಹಿಡಿಯುತ್ತಿದ್ದಳು.

"ರೈಲಲ್ಲಿ ಆರಾಮಾಗಿ ಹೋಗ್ಬೋದಲ್ಲಮ್ಮ?" ಎಂದು ಅಮ್ಮ ಮೊದಲ ವರ್ಷ ಕೇಳಿದಳು.

"ರೈಲಿನ ಹೊಗೆ ನಂಗೆ ಆಗ್ಬರಲ್ಲ ಕಣಮ್ಮ," ಎಂದಳು ಅಕ್ಕ. ಹಾಗೆನ್ನುವಾಗ ಇದ್ದಿಲ ಮಸಿ ಅವಳ ಮೂಗಿನ ಮೇಲೆ ಕೂತಿತ್ತು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಏರಿನ ಬುಡದಲ್ಲಿ ಬಸ್ಸು ನಿಂತೊಡನೆ ಅವರೆಕಾಯಿ ಬುಟ್ಟಿ ಹೊತ್ತ ಒಬ್ಬ ಮುದುಕಿ ಬರುತ್ತಿದ್ದಳು. ಬೇರೆ ಕಿಟಕಿಗಳತ್ತ ನೋಡದೆ ನೇರವಾಗಿ ನಮ್ಮ ಕಿಟಕಿಗೆ. ಎಲ್ಲರೂ ಕೈಕಾಲು ಸಡಿಲಿಸಲು ಇಳಿದರೂ ಅಕ್ಕ ಇಳಿಯುತ್ತಿರಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು ಕೂತಲ್ಲಿಂದಲೇ ವ್ಯಾಪಾರ.

"ಸೊಗಡೈತಾ ಕಾಯಿ?"

"ಮೂಸಿ ನೋಡು."

"ಹೋದ್ ವರ್ಷ ಪೊಳ್ಳು ಕೊಟ್ಟಿದ್ದೆ."

"ನಿಂಗೆ ಬೇಯ್ಸಕ್ಕೆ ಬರ್ದಿದ್ರೆ ನಾನೇನ್ ಮಾಡ್ಲಿ? ಯಾಕಿಂಗೆ ಒಣಗಿದೀಯ? ಎಲ್ರಿಗೂ ಬಡಿಸಿ ತಳ ಕೆರ್ಕಂಡು ತಿಂತೀಯಾ?"

ಹಿಂದಿನ ಸೀಟಿನ ಮುದುಕ ಕೇಳಿಯೇ ಬಿಟ್ಟ. "ಏನವ್ವ, ಕಾಯಿ ಮಾರಕ್ ಬಂದ್ಯೋ, ಸಂಬಂಧ ಕುದುರ್ಸಕ್ ಬಂದ್ಯೋ?"

ಮುದುಕಿ ಅವನತ್ತ ತಿರುಗಲೂ ಇಲ್ಲ. ಮೊರ ತುಂಬಿ ಸುರಿದಳು, ಮತ್ತೆ ತುಂಬಿ ಸುರಿದಳು. ಅಕ್ಕನ ಮಡಿಲು ತುಂಬಿ ಕಾಯಿ ನಮ್ಮ ಕಾಲಬುಡಕ್ಕೆ ಚೆಲ್ಲಿತು.

ಅಜ್ಜಿಯ ಮನೆ ಸೇರಿದ ಮೇಲೆ ನಾನು ಅದನ್ನೇ ಕೆದಕಿದೆ. ಅಮ್ಮ ಹೇಳಿದಳು, "ಅದು ಅವಳ ತಾಯಿ ಕಣೆ." ಮದುವೆಗೆ ಮುಂಚೆ ತಾಯಿ ಮಗಳು ಇಬ್ಬರೂ ಸೊಪ್ಪಿನ ಬುಟ್ಟಿ ಹೊತ್ತು ಬೆಂಗಳೂರು ದಂಡಿನ ಮಾರುಕಟ್ಟೆಗೆ ಬರುತ್ತಿದ್ದರಂತೆ. ಟೈಲರನ ಪರಿಚಯವಾದದ್ದು ಅಲ್ಲೇ. ಅವಳು ಅವನನ್ನು ಮದುವೆಯಾದ ದಿನ ತಂದೆ ತಲೆಗೆ ನೀರು ಸುರಿದುಕೊಂಡು, ಮಗಳು ಸತ್ತಳು ಎಂದುಬಿಟ್ಟರು. ಅವಳು ಆ ಮರವಿದ್ದ ಊರಿನ ನೆಲ ಮೆಟ್ಟಬಾರದು, ಮನೆಯವರು ಯಾರೂ ಅವಳ ಹೊಸಿಲು ತುಳಿಯಬಾರದು. ತಾಯಿಯನ್ನು ಪೇಟೆಗೆ ಕಳಿಸುವುದನ್ನೂ ನಿಲ್ಲಿಸಿದರು. ಉಳಿದದ್ದು ಬಸ್ಸು ನಿಲ್ಲುವ ಅಷ್ಟು ಹೊತ್ತು, ವರ್ಷಕ್ಕೊಂದು ಸಲ.

"ಊರವ್ರಿಗೆ ಗೊತ್ತಾಗಲ್ವಾ?" ಎಂದೆ.

"ಗೊತ್ತಿರತ್ತೆ. ಬಾಯ್ಬಿಟ್ಟು ಹೇಳೋವರ್ಗೂ ಗೊತ್ತಿಲ್ಲ ಅಂತ್ಲೇ ಲೆಕ್ಕ. ನೀನೂ ಬಾಯಿ ಮುಚ್ಕೊಂಡಿರು."

ಡ್ರೈವರ್ ಸಾಹೇಬರಿಗೂ ಗೊತ್ತಿತ್ತೆಂದು ಕಾಣುತ್ತದೆ. ಶಿವಾಜಿನಗರದ ಕಡೆಯವರು, ಯಾರ ಜೊತೆಗೂ ಹೆಚ್ಚು ಮಾತಿಲ್ಲ. ಬೆಂಕಿ ಚೆನ್ನಾಗಿ ಹತ್ತಿದ ಮೇಲೂ ನಮ್ಮ ಕಿಟಕಿಯ ಕಡೆ ಒಮ್ಮೆ ನೋಡಿ ಕ್ಲೀನರನಿಗೆ ಕೂಗುತ್ತಿದ್ದರು, "ಇನ್ನೊಂದ್ ದಫಾ ಕೆರಿಯಪ್ಪಾ, ಸರ್ಯಾಗಿ ಕೆರಿ."

ಅಕ್ಕನಿಗೆ ಹೆಣ್ಣುಮಗುವಾದ ವರ್ಷ ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಬಂದಳು. ಮರದ ಕೆಳಗೆ ಬಸ್ಸು ನಿಂತಾಗ ಮುದುಕಿಗೆ, "ಕಾಯಿ ಆರಿಸ್ಬೇಕು, ಎರಡು ಕೈ ಬೇಕು. ಈ ಕೂಸನ್ನ ಒಂದ್ ಗಳಿಗೆ ಹಿಡ್ಕ," ಎಂದು ಮಗುವನ್ನು ಕಿಟಕಿಯಿಂದ ಆಚೆ ದಾಟಿಸಿದಳು. ಮುದುಕಿ ಮಗುವಿನ ನೆತ್ತಿಯನ್ನು ಮೂಸಿದಳು. ಮತ್ತೆ ಮೂಸಿದಳು. ಅಕ್ಕ ತಲೆ ಬಗ್ಗಿಸಿಕೊಂಡು ಒಂದೊಂದೇ ಕಾಯಿ ಆರಿಸುತ್ತಿದ್ದಳು. ಅಷ್ಟು ನಿಧಾನವಾಗಿ ಯಾರೂ ಕಾಯಿ ಆರಿಸಿದ್ದನ್ನು ನಾನು ಕಂಡಿಲ್ಲ. ಮಗುವನ್ನು ಹಿಂದಕ್ಕೆ ಕೊಡುವಾಗ ಮುದುಕಿ, "ಬರೋ ವರ್ಷ ಮನೇಗ್ ಸೊಸೆ ತರ್ತಾ ಇದೀವಿ," ಎಂದಳು. ಅಷ್ಟೇ...

ಯುದ್ಧ ಮುಗಿಯಿತು. ಪೆಟ್ರೋಲ್ ಬಂತು. ಮುಂದಿನ ಡಿಸೆಂಬರಿಗೆ ನಾವು ಹತ್ತಿದ್ದು ಬೆನ್ನಿಗೆ ಒಲೆಯಿಲ್ಲದ ಬಸ್ಸು, ಹೊಸ ಡ್ರೈವರ್. ಎಲ್ಲರಿಗೂ ಸಂತೋಷ. ತಮ್ಮ ಚಪ್ಪಾಳೆ ತಟ್ಟಿದ. ಕೃಷ್ಣರಾಜಪುರ ದಾಟಿದ ಮೇಲೆ ಅಕ್ಕ ಮಗುವಿನ ಕೂದಲು ಬಾಚಿ, ಲಂಗ ಸರಿಮಾಡಿ, ಅದನ್ನು ಕಿಟಕಿಯ ಹತ್ತಿರ ನಿಲ್ಲಿಸಿದಳು. ಬಸ್ಸು ಏರಿನ ಬುಡಕ್ಕೆ ಬಂತು. ನಿಲ್ಲಲಿಲ್ಲ. ಒಂದೇ ಉಸಿರಿಗೆ ಏರತೊಡಗಿತು.

"ನಿಲ್ಸಿ ಅಣ್ಣಾ, ಅವರೆಕಾಯಿ ತಗೋಬೇಕು."

"ಕೋಲಾರದಲ್ಲಿ ಬೇಕಾದಷ್ಟು ಸಿಗತ್ತೆ ಕೂತ್ಕೊಳ್ಳಮ್ಮ."

ಮರದ ಕೆಳಗೆ ಮುದುಕಿ ಬುಟ್ಟಿ ಹೊತ್ತು ನಿಂತಿದ್ದಳು. ಬಸ್ಸಿನ ಹಿಂದೆ ನಾಲ್ಕು ಹೆಜ್ಜೆ ಬಂದಳು. ಆಮೇಲೆ ಧೂಳು. ಅಕ್ಕ ಬಹಳ ಹೊತ್ತು ಹಿಂದಕ್ಕೆ ತಿರುಗಿಕೊಂಡೇ ಇದ್ದಳು. ಆ ಸಲ ನಾವು ಬೇಗನೆ ಕೋಲಾರ ತಲುಪಿದೆವು.

ಅದರ ಮುಂದಿನ ವರ್ಷ ಅಕ್ಕ ಹಲಸೂರಿನಲ್ಲೇ ಡ್ರೈವರನ ಕೈಕಾಲು ಹಿಡಿದು ಒಪ್ಪಿಸಿದ್ದಳು. ಬಸ್ಸು ಮರದ ಕೆಳಗೆ ನಿಂತಿತು. ಬುಟ್ಟಿ ಹಿಡಿದು ಬಂದವಳು ಒಬ್ಬ ಹರೆಯದ ಹೆಂಗಸು, ಕೊರಳಲ್ಲಿ ಅರಿಸಿನ ಹಚ್ಚಿದ ತಾಳಿ.

"ಇಲ್ಲಿ ಒಬ್ರು ವಯಸ್ಸಾದೋರು ಕಾಯಿ ಮಾರ್ತಿದ್ರಲ್ಲ?" ಅಕ್ಕ ಕೇಳಿದಳು.

"ನಮ್ಮತ್ತೆ. ಶ್ರಾವಣದಾಗೆ ಓಗ್ಬುಟ್ರು." ಆ ಹೆಂಗಸು ಅಕ್ಕನ ತಮ್ಮನ ಹೆಂಡತಿ. ತಾನು ಮಾತಾಡುತ್ತಿರುವುದು ಯಾರ ಜೊತೆ ಎಂದು ಅವಳಿಗೆ ತಿಳಿದಿರಲಿಲ್ಲ. "ನಿಮಗ್ ಬೇಕಾದೋರಾ?"

ಆ ಊರಿನವರು ಇಬ್ಬರು ಬಸ್ಸು ಹತ್ತುತ್ತಿದ್ದರು. ಅಕ್ಕ ಸೆರಗು ಸರಿಮಾಡಿಕೊಂಡಳು.

"ಇಲ್ಲ... ಕಾಯಿ ಚೆನ್ನಾಗಿರೋದು ಕೊಡ್ತಿದ್ರು."

ಒಂದು ಮೊರ ಕಾಯಿ ಕೊಂಡಳು. ಬಸ್ಸು ಹೊರಟಿತು. ಅಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು, ಕೋಲಾರ ಬರುವವರೆಗೂ ತೆಗೆಯಲಿಲ್ಲ. ಮಾರನೆಯ ವರ್ಷದಿಂದ ಅಕ್ಕ ಗಂಡನ ಜೊತೆ ರೈಲಿನಲ್ಲಿ ಹೋದಳು. ಆಮೇಲೆ ಅವರು ಗಣಿಯ ಊರಿಗೇ ಹೋಗಿ ನೆಲಸಿದರು. ಅವಳನ್ನು ನಾನು ಮತ್ತೆ ನೋಡಲಿಲ್ಲ.

ಆ ಮರ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಏರನ್ನೂ ಕಡಿದು ತಗ್ಗಿಸಿದ್ದಾರೆ. ಅಲ್ಲೊಂದು ಏರಿತ್ತೆಂದು ಹೇಳಿದರೆ ಮೊಮ್ಮಕ್ಕಳು ನಂಬುವುದಿಲ್ಲ.

ಸಂಜೆ ತಮ್ಮನಿಗೆ ಫೋನ್ ಮಾಡಿ ಕೇಳಿದೆ. "ಯಾವ ಅಕ್ಕ? ನಂಗೆ ಬಸ್ಸು ಮಾತ್ರ ನೆನಪಿದೆ ಕಣೆ. ಇಳಿಯೋ ಹೊತ್ಗೆ ಮುಖ ಎಲ್ಲ ಮಸಿ," ಎಂದು ನಕ್ಕ. ಅವನಾಗ ಚಿಕ್ಕವನು. ಅಮ್ಮ ಹೋಗಿ ಎಷ್ಟೋ ಕಾಲವಾಯಿತು. ಅದನ್ನು ಕಂಡವರಲ್ಲಿ ಉಳಿದವಳು ಬಹುಶಃ ನಾನೊಬ್ಬಳೇ. ಅಷ್ಟು ವರ್ಷಗಳಲ್ಲಿ ಅಕ್ಕ ಆ ಮುದುಕಿಯನ್ನು "ಅವ್ವಾ" ಎಂದು ಕರೆದದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ.

ರಾತ್ರಿ ಎಂಟೂವರೆಗೆ ನಾಳೆಯ ಇಡ್ಲಿಗೆ ಹಿಟ್ಟು ರುಬ್ಬಿ, ಉಪ್ಪು ಬೆರೆಸಿ, ಮುಚ್ಚಿಟ್ಟೆ. ಇವತ್ತಿನ ಕೆಲಸ ಮುಗಿಯಿತು.