ಅತ್ತೆಯ ಮುಂಗೈಗೆ ಮೀನಿನ ಹಾಳೆ

"ಇದು ಯಾತರಿಂದ ಮಾಡಿದ್ದು ಡಾಕ್ಟ್ರೇ?" ಎಂದು ಡಾಕ್ಟರ ಕೈಯಲ್ಲಿದ್ದ ತೆಳು ಹಾಳೆಯನ್ನು ತೋರಿಸಿ ಅತ್ತೆ ಕೇಳಿದಾಗ, ಹೇಳಬೇಡಿ ಎನ್ನುವಂತೆ ನನ್ನ ಗಂಡ ಅತ್ತೆಯ ಬೆನ್ನ ಹಿಂದಿನಿಂದ ಕೈಸನ್ನೆ ಮಾಡಿದರು. ಹಾಸನದ ಆ ಡಾಕ್ಟರು ನಮಗಿಬ್ಬರಿಗೆ ಮೊದಲೇ ವಿಷಯ ತಿಳಿಸಿದ್ದರು. ಆದರೆ ಅತ್ತೆಗೆ ಸುಳ್ಳು ಹೇಳಲು ಅವರು ಒಪ್ಪಲಿಲ್ಲ.

"ಮೀನಿಂದ ತೆಗೆದಿದ್ದಮ್ಮ. ಗಾಯಕ್ಕೆ ಅಂಟಿಸಿದ್ರೆ ನಿಧಾನಕ್ಕೆ ಕರಗಿ ಮೈಗೇ ಸೇರ್ಕೊಂಡ್ಬಿಡುತ್ತೆ. ಬೇಡ ಅಂದ್ರೆ ಬಟ್ಟೇನೇ ಕಟ್ಟೋಣ."

ಅತ್ತೆ ಹೊಳೆನರಸೀಪುರದ ದೇವಸ್ಥಾನವೊಂದಕ್ಕೆ ನೈವೇದ್ಯ ಮಾಡುತ್ತಿದ್ದವರು. ಕಾದ ಎಣ್ಣೆ ಬಿದ್ದು ಅವರ ಮುಂಗೈ ಚರ್ಮ ಸುಲಿದುಹೋಗಿತ್ತು. ಬ್ಯಾಂಡೇಜು ಬಿಚ್ಚಿದಾಗಲೆಲ್ಲ ಬಟ್ಟೆಯ ಜೊತೆ ಗಾಯವೂ ಕಿತ್ತುಬಂದು ರಕ್ತ ಒಸರುತ್ತಿತ್ತು. ಅವರು ಸೆರಗು ಕಚ್ಚಿಕೊಂಡು ಕೂರುತ್ತಿದ್ದರು.

ಆ ತೆಳು ಹಾಳೆಯನ್ನು ನೋಡಿ ಅತ್ತೆ ಹೇಳಿದರು: "ನನ್ನ ಮೈಗೇ ಸೇರ್ಕೊಂಡ ಮೇಲೆ ಅದು ನಂದೇ ಅಲ್ವೇ? ಹಾಕಿ."

ಹಾಳೆ ಗಾಯಕ್ಕೆ ಅಂಟಿಕೊಂಡಿತು, ರಕ್ತವೂ ನಿಂತಿತು. ಮನೆಗೆ ಬಂದವರೇ ಅತ್ತೆ, ಅದೇ ದೇವಸ್ಥಾನದ ಅರ್ಚಕರಾಗಿದ್ದ ಮಾವನಿಗೆ ಎಲ್ಲವನ್ನೂ ತಿಳಿಸಿ, "ಈ ಕೈಯಲ್ಲಿ ಇನ್ನು ನೈವೇದ್ಯ ಮಾಡ್ಬಹುದಾ, ನೀವೇ ಹೇಳಿ" ಎಂದರು. ಹೊಸ ಚರ್ಮ ಬಂದು ಗಾಯ ಪೂರ್ತಿ ಮಾಗಿದ ಮೇಲೆ ಒಂದು ಬೆಳಿಗ್ಗೆ ಮಾವ ತಾವೇ ನೈವೇದ್ಯದ ಅಕ್ಕಿ ತೊಳೆದು, ಪಾತ್ರೆಯನ್ನು ತಂದು ಅತ್ತೆಯ ಮುಂದಿಟ್ಟರು.

ಅತ್ತೆಯ ಮುಂಗೈಯಲ್ಲಿ ಈಗ ಕೊಂಚ ಬಿಳಿಚಿದ ಕಲೆಯಿದೆ. ಯಾರಾದರೂ ಕೇಳಿದರೆ ಮೀನಿನ ವಿಷಯವನ್ನೂ ಬಿಡದೆ ಹೇಳುತ್ತಾರೆ. ಆಗ ಎದ್ದು ಒಳಗೆ ಹೋಗುವವರು ನನ್ನ ಗಂಡ ಮಾತ್ರ.