ಫೋಟೋದಲ್ಲಿ ನಿಂತಿದ್ದ ಬೀಗಿತ್ತಿ

ನಮ್ಮ ಸ್ಟುಡಿಯೋ ಅಣ್ಣನಿಗೆ ಸತ್ತವರನ್ನು ಎಬ್ಬಿಸಿ ನಿಲ್ಲಿಸುವುದು ನೀರು ಕುಡಿದಷ್ಟು ಸಲೀಸು. ಎಂದೋ ತೀರಿಕೊಂಡ ಅಪ್ಪನ ಒಂದು ಹಳೆಯ ಪಾಸ್‌ಪೋರ್ಟ್ ಅಳತೆಯ ಫೋಟೋ ತಂದುಕೊಟ್ಟರೆ ಸಾಕು, ವಾರದೊಳಗೆ ಆ ಅಪ್ಪ ಕೋಟು ತೊಟ್ಟು ಮದುಮಗಳ ಪಕ್ಕದಲ್ಲಿ, ಆಗಷ್ಟೇ ಊಟ ಮುಗಿಸಿ ಎದ್ದು ಬಂದವನ ಹಾಗೆ ನಿಂತಿರುತ್ತಿದ್ದ. ಮುಚ್ಚಿದ ಕಣ್ಣು ತೆರೆಸುತ್ತಿದ್ದರು, ಜಗಳ ಮಾಡಿಕೊಂಡು ಬಾರದೆ ಉಳಿದ ತಮ್ಮನನ್ನು ಸಾಲಿನ ಕೊನೆಗೆ ಸೇರಿಸುತ್ತಿದ್ದರು, ವಿಚ್ಛೇದನವಾದ ಮೇಲೆ ಅದೇ ಸಾಲಿನಿಂದ ಒಬ್ಬರನ್ನು ಸದ್ದಿಲ್ಲದೆ ಕಳಿಸಿಕೊಡುತ್ತಿದ್ದರು. ಯಾರೂ ಅದನ್ನು ಸುಳ್ಳು ಅನ್ನಲಿಲ್ಲ. "ಏನ್ ಕೈ ಸ್ವಾಮಿ ನಿಮ್ದು!" ಅನ್ನುತ್ತಿದ್ದರು. ನಾನೂ ಅನ್ನುತ್ತಿದ್ದೆ.

ಅದೇ ಅಂಗಡಿಯ ಮುಂಭಾಗದಲ್ಲಿ, ಗಾಜಿನ ಬಾಗಿಲಿಗೆ ತಾಗಿ ನನ್ನ ಮೇಜು. ಒಂದು ಕಂಪ್ಯೂಟರ್, ಕೆಮ್ಮುವ ಪ್ರಿಂಟರ್, ಗೋಂದಿನ ಬಾಟಲಿ. ವೀಸಾ ಕಚೇರಿ ಎರಡು ಬೀದಿ ಆಚೆ. ಅರ್ಜಿ ತುಂಬಿಕೊಡಲು ಕಚೇರಿಯವರು ಅನುಮತಿ ಕೊಟ್ಟವರ ಪಟ್ಟಿಯಲ್ಲಿ ನನ್ನ ಹೆಸರಿದೆ. ವೀಸಾ ಫೋಟೋ ತೆಗೆಯುವವರ ಪಟ್ಟಿಯಲ್ಲಿ ಅಣ್ಣನ ಹೆಸರಿತ್ತು. ಒಳಗೆ ಅವರು ಮುಖ ತೆಗೆಯುತ್ತಿದ್ದರು, ಹೊರಗೆ ನಾನು ಆ ಮುಖದ ಹುಟ್ಟು, ಓದು, ಮದುವೆ ಎಲ್ಲವನ್ನೂ ಚೌಕದೊಳಗೆ ತುಂಬುತ್ತಿದ್ದೆ. ಹದಿನಾರು ವರ್ಷ ಹೀಗೇ ನಡೆಯಿತು. ನನ್ನ ಬಾಯಿ ಜೋರು. ತಪ್ಪು ಬರೆದು ತಂದವರನ್ನು ಎದುರಿಗೇ ಗದರಿಸುತ್ತೇನೆ. "ಆಯಮ್ಮನ ಹತ್ರ ಹೋಗಿ, ಬೈತಾಳೆ, ಆದ್ರೆ ಫೈಲು ಪಾಸಾಗುತ್ತೆ" ಅಂತ ಜನ ಕಳಿಸಿಕೊಡುತ್ತಾರೆ. ಈ ಹೆಸರಿನ ಮೇಲೆ ನನಗೆ ಎಷ್ಟು ಜಂಬವಿತ್ತು ಅನ್ನುವುದನ್ನು ನೆನೆಸಿಕೊಂಡರೆ ಈಗ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ಅಣ್ಣನಿಗೆ ಒಬ್ಬಳೇ ಮಗಳು. ತಾಯಿಯಿಲ್ಲದ ಹುಡುಗಿ, ಶಾಲೆಯಿಂದ ಬಂದು ನನ್ನ ಮೇಜಿನ ಮೂಲೆಯಲ್ಲೇ ಮನೆಪಾಠ ಬರೆದು ಬೆಳೆದವಳು. ಆಸ್ಪತ್ರೆಯಲ್ಲಿ ಎಕ್ಸ್-ರೇ ವಿಭಾಗದ ಕೆಲಸ ಸಿಕ್ಕಿತು. ಅಲ್ಲಿಗೆ ಹೊಸ ಸ್ಕ್ಯಾನಿಂಗ್ ಯಂತ್ರ ಜೋಡಿಸಲು ಬೇರೆ ದೇಶದಿಂದ ಒಬ್ಬ ಮೆಕ್ಯಾನಿಕ್ ಬಂದ. ಯಂತ್ರ ಎರಡು ತಿಂಗಳಲ್ಲಿ ಕೂತಿತು, ಅವನು ಮಾತ್ರ ಏನಾದರೊಂದು ನೆಪ ತೆಗೆದು ಏಳು ತಿಂಗಳು ಉಳಿದ. ಕೊನೆಗೆ ಒಂದು ಮಧ್ಯಾಹ್ನ ಇಬ್ಬರೂ ಅಂಗಡಿಗೆ ಬಂದು ನನ್ನೆದುರು ಕುಳಿತರು. ಹುಡುಗ ನಮ್ಮ ಮಾತು ಕಲಿತಿದ್ದ, ತಡವರಿಸುತ್ತಿದ್ದ, ಆದರೆ ಹಿರಿಯರಿಗೆ "ನೀವು" ಅನ್ನುವುದನ್ನು ಒಮ್ಮೆಯೂ ಮರೆಯುತ್ತಿರಲಿಲ್ಲ.

ನಾನು ದಾರಿಗಳನ್ನು ಹೇಳಿದೆ. ಒಂದು, ಮದುವೆಯಾಗುವವಳು ಅನ್ನುವ ವೀಸಾದಲ್ಲಿ ಹೋಗಿ ಅಲ್ಲೇ ಮೂರು ತಿಂಗಳೊಳಗೆ ಮದುವೆಯಾಗುವುದು. ಇನ್ನೊಂದು, ಇಲ್ಲೇ ಮದುವೆ ನೋಂದಾಯಿಸಿ ಹೆಂಡತಿಯ ವೀಸಾಕ್ಕೆ ಅರ್ಜಿ ಹಾಕಿ ಕಾಯುವುದು. ಮೂರನೆಯದು, ಅವನೇ ಇಲ್ಲಿಗೆ ಬಂದು ನೆಲೆಸುವುದು. ಮೂರನೆಯದಕ್ಕೆ ಅವನು ಆಗದು ಎಂದು ತಲೆಯಾಡಿಸಿದ. ಅವನ ತಾಯಿಗೆ ಮೂತ್ರಪಿಂಡ ಕೆಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗುತ್ತಿತ್ತು, ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

"ಮೊದಲನೇದೇ ಬೇಗ ಆಗೋದು. ತಾಯೀನೂ ಮದುವೆ ನೋಡಬಹುದು" ಅಂದೆ.

ಅಣ್ಣ ಒಳಗಿನಿಂದಲೇ ಕೂಗಿದರು: "ಮದುವೆ ಆಗದೆ ಮಗಳನ್ನ ವಿಮಾನ ಹತ್ತಿಸ್ಲಾ? ನಾಳೆ ನೆಂಟರ ಮುಂದೆ ಯಾವ ಮುಖ ಇಟ್ಕೊಂಡು ಓಡಾಡ್ಲಿ? ಇಲ್ಲೇ ಆಗ್ಲಿ!"

ಇಲ್ಲೇ ಆಯಿತು. ನೋಂದಣಿ ಕಚೇರಿಯ ಉದ್ದನೆಯ ಕೋಣೆಯಲ್ಲಿ ನಮ್ಮ ಕಡೆಯವರು ಮೂವತ್ತೈದು ಮಂದಿ, ಅವನ ಕಡೆಗೆ ಅವನೊಬ್ಬನೇ. ಫೋಟೋಕ್ಕೆ ನಿಂತಾಗ ಎಡಗಡೆ ಜನ ಒತ್ತರಿಸಿಕೊಂಡು ನಿಂತರು, ಬಲಗಡೆ ಬರಿಯ ಗೋಡೆ. ಅಣ್ಣನ ಅಕ್ಕ ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಅಂದರು: "ಹಿಂದಿಲ್ಲ ಮುಂದಿಲ್ಲ. ನಾಳೆ ಏನಾದ್ರೂ ಆದ್ರೆ ಯಾರನ್ನ ಕೇಳೋದು?" ಅಣ್ಣ ಕ್ಯಾಮೆರಾದ ಹಿಂದೆ ತಲೆ ತಗ್ಗಿಸಿಕೊಂಡೇ ಇದ್ದರು. ಆ ಮಾತು ಅವರಿಗೆ ನಾಟಿತು.

ಅಳಿಯ ತಾಯಿಯ ಹತ್ತಿರ ಹಿಂತಿರುಗಿದ. ಅಣ್ಣ ಅವನಿಂದ ತಾಯಿಯ ಫೋಟೋ ಒಂದನ್ನು ತರಿಸಿಕೊಂಡರು, ಮನೆಯಲ್ಲಿ ಇಟ್ಟುಕೊಳ್ಳಲು ಅಂತ. ನಾಲ್ಕು ದಿನ ಪರದೆಯ ಮುಂದೆ ಕೂತರು. ಐದನೆಯ ದಿನ ಆ ಬರಿಯ ಗೋಡೆಯ ಮುಂದೆ ನೀಲಿ ಉಡುಪಿನ ಬೀಗಿತ್ತಿ ನಿಂತಿದ್ದರು, ಸೊಸೆಯ ಕಡೆ ಸ್ವಲ್ಪ ವಾಲಿಕೊಂಡು, ನಗುತ್ತಾ. ನೆರಳು ಕೂಡ ಬಿದ್ದಿತ್ತು. ಆ ಫೋಟೋ ನೆಂಟರ ಬಾಯಿ ಮುಚ್ಚಿಸಲಿಕ್ಕೆ ಅಂತಲೇ ಹುಟ್ಟಿದ್ದು. ಬೇರೆ ಊರಿನ ನೆಂಟರಿಗೆಲ್ಲ ಅದನ್ನೇ ಕಳಿಸಿದರು, ಮಗಳಿಗೆ ಮಾತ್ರ ತೋರಿಸಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ.

ಅರ್ಜಿಯ ಜೊತೆ ಇಡಬೇಕಾದ ಕಾಗದಗಳ ಪಟ್ಟಿಯಲ್ಲಿ "ಎರಡೂ ಕುಟುಂಬದವರು ಸೇರಿರುವ ಫೋಟೋಗಳು" ಎಂದಿತ್ತು. ಮದುವೆ ನಿಜವಾದದ್ದು, ವೀಸಾಕ್ಕಾಗಿ ಹೂಡಿದ ಆಟವಲ್ಲ ಎಂದು ಅವರಿಗೆ ಮನವರಿಕೆಯಾಗಬೇಕು, ಅದಕ್ಕೆ. ಅಣ್ಣ ಬೀಗಿತ್ತಿಯ ಫೋಟೋ ತಂದು ನನ್ನ ಮೇಜಿನ ಮೇಲಿಟ್ಟರು.

"ಇದನ್ನೂ ಸೇರಿಸು. ಫೈಲು ಗಟ್ಟಿಯಾಗುತ್ತೆ."

"ಅಣ್ಣಾ, ಇದು..."

"ಏನ್ ಇದು? ಆಯಮ್ಮ ಇಲ್ವಾ? ಬದುಕಿಲ್ವಾ? ಬರೋಕೆ ಆಗಿದ್ರೆ ಬರ್ತಿರ್ಲಿಲ್ವಾ? ನಾನೇನ್ ಇಲ್ಲದವರನ್ನ ಹುಟ್ಟಿಸಿದ್ನಾ?"

ದಾರಿಹೋಕರನ್ನೆಲ್ಲ ಗದರಿಸುವ ನನ್ನ ಬಾಯಿ ಅಂದು ಎಲ್ಲಿಗೆ ಹೋಗಿತ್ತೋ. ಅವರ ಅಂಗಡಿಯಲ್ಲಿ ಕೂತವಳು, ಅವರ ಮಗಳ ಫೈಲು, ಹೇಗೆ ಬೇಡ ಅನ್ನಲಿ ಅಂದುಕೊಂಡೆ. ಹಾಳೆಗೆ ಅಂಟಿಸಿ ಕೆಳಗೆ ನನ್ನ ಕೈಯಾರೆ, ಅಚ್ಚಿನಂಥ ಬಿಡಿ ಅಕ್ಷರದಲ್ಲಿ ಬರೆದೆ: "ಮದುವೆಯ ದಿನ, ವರನ ತಾಯಿಯೊಂದಿಗೆ ದಂಪತಿ." ದಿನಾಂಕವನ್ನೂ ಹಾಕಿದೆ. ಲಕೋಟೆ ಮುಚ್ಚಿ ಕಚೇರಿಗೆ ಕೊಟ್ಟು ಬಂದೆ. ಹುಡುಗಿ ಅದನ್ನು ನೋಡಲೇ ಇಲ್ಲ. ಅಪ್ಪ ಮತ್ತು ಆಂಟಿ ಮಾಡಿದ ಫೈಲನ್ನು ಅವಳೇಕೆ ಬಿಚ್ಚಿ ನೋಡುತ್ತಾಳೆ?

ಸಂದರ್ಶನದ ದಿನ ಅಧಿಕಾರಿ ಮೊದಲು ಕೇಳಿದ್ದು, ಮದುವೆಗೆ ಗಂಡನ ಮನೆಯಿಂದ ಯಾರು ಬಂದಿದ್ದರು ಎಂದು. ಅವಳು ಇದ್ದದ್ದನ್ನೇ ಹೇಳಿದಳು: ಯಾರೂ ಬರಲಿಲ್ಲ, ತಾಯಿಗೆ ಡಯಾಲಿಸಿಸ್, ಪ್ರಯಾಣ ಮಾಡುವ ಹಾಗಿಲ್ಲ. ಅಧಿಕಾರಿ ಹಾಳೆಯನ್ನು ತಿರುಗಿಸಿ ಗಾಜಿಗೆ ಒತ್ತಿ ಹಿಡಿದು, "ಹಾಗಾದ್ರೆ ಇವರು ಯಾರು?" ಅಂದ. ಹಿಂದೆ ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರಂತೆ. ವೀಸಾ ತಡೆಹಿಡಿದ ಪತ್ರ ಕೈಗಿತ್ತರು. ಮೂವತ್ತು ದಿನದೊಳಗೆ ವಿವರಣೆ ಬರಬೇಕು, ಇಲ್ಲವಾದರೆ ಅರ್ಜಿದಾರಳೇ ಮೋಸ ಮಾಡಿದ್ದಾಳೆಂದು ತೀರ್ಮಾನಿಸಿ ಐದು ವರ್ಷ ಆ ದೇಶಕ್ಕೆ ಕಾಲಿಡದಂತೆ ಮಾಡುತ್ತಾರೆ.

ಅವಳು ನೇರ ಅಂಗಡಿಗೆ ಬಂದಳು. ಕೈಯಲ್ಲಿ ಆ ಹಾಳೆಯ ನಕಲು.

"ಅಪ್ಪಾ, ಇದು ನಿಮ್ಮ ಕೆಲಸಾನಾ?"

ಅಣ್ಣನ ಮುಖ ಬಿಳುಚಿತು. ಹೌದು ಅಂದುಬಿಡುತ್ತಾರೆ ಅಂದುಕೊಂಡೆ. ಅವರು ಮಸೂರ ಒರೆಸುವ ಬಟ್ಟೆಯನ್ನು ಮಡಚುತ್ತಾ, "ನಂಗೇನ್ ಗೊತ್ತಮ್ಮ. ಅಳಿಯಂದ್ರು ಕಳಿಸಿದ್ರು, ನಾನು ಪ್ರಿಂಟ್ ಹಾಕ್ದೆ" ಅಂದರು.

"ಆಂಟಿ?"

"ಅವರು ಕೊಟ್ಟಿದ್ದನ್ನ ನಾನು ಫೈಲಲ್ಲಿ ಇಟ್ಟೆ ಅಷ್ಟೇ ಪುಟ್ಟಾ" ಅಂದೆ ನಾನು. 'ಅವರು' ಯಾರು ಅಂತ ಹೇಳಲಿಲ್ಲ. ಪ್ರಿಂಟರಿಗೆ ಕಾಗದ ತುಂಬುವ ನೆಪದಲ್ಲಿ ಅತ್ತ ತಿರುಗಿಬಿಟ್ಟೆ. ಥೂ, ನನ್ನ ಜನ್ಮಕ್ಕೆ.

ಅವಳು ಅಲ್ಲೇ ನಿಂತು, ಸ್ಪೀಕರ್ ಹಾಕಿ, ಗಂಡನಿಗೆ ಫೋನ್ ಮಾಡಿದಳು. ಅವನು ಕೇಳಿದ: "ನಿಮ್ಮಪ್ಪ ಏನು ಹೇಳಿದ್ರು?" ಅವಳು ಹೇಳಿದಳು. "ಹೌದು. ನಾನೇ ಕಳಿಸಿದ್ದು" ಅಂದ.

ಅಲ್ಲಿಂದ ಒಂಬತ್ತು ದಿನ ಆ ಹುಡುಗಿ ಗಂಡನನ್ನು ಫೋನಿನಲ್ಲಿ ಬಾಯಿಗೆ ಬಂದಂತೆ ಬೈದಳು. ಮನೆಯಲ್ಲಿ, ಅಂಗಡಿಯಲ್ಲಿ, ನಮ್ಮಿಬ್ಬರ ಎದುರಿಗೇ. ನಿನ್ನ ನಂಬಿ ಕೆಟ್ಟೆ, ಇನ್ನೂ ಏನೇನು ಸುಳ್ಳು ಹೇಳಿದ್ದೀಯೋ ಅಂದಳು. ಎಂಟನೆಯ ದಿನ ಮದುವೆ ರದ್ದು ಮಾಡಿಸುವುದಕ್ಕೆ ಏನೇನು ಕಾಗದ ಬೇಕು ಆಂಟಿ ಅಂತ ನನ್ನನ್ನೇ ಕೇಳಿದಳು. ಅಣ್ಣ ಊಟ ಬಿಟ್ಟರು, ಅಂಗಡಿಯ ಬಾಗಿಲು ತೆಗೆಯುವುದು ಬಿಡಲಿಲ್ಲ. ನನ್ನ ಹತ್ತಿರ ಬಂದು ಗೊಣಗುವರು: "ಹೇಳಿದ್ರೆ ಪಟ್ಟಿಯಿಂದ ಹೆಸರು ಹೋಗುತ್ತೆ. ಅದು ಹೋದ್ರೆ ಹೋಗ್ಲಿ, ಅವಳ ಕಣ್ಣಲ್ಲಿ ನಾನು..." ಮಾತು ಮುಗಿಸುತ್ತಿರಲಿಲ್ಲ. ನಾನು ಹೂಂ ಅನ್ನುತ್ತಿದ್ದೆ. ನಿಜ ಹೇಳಬೇಕೆಂದರೆ, ಅವರು ಹೇಳಿದರೆ ನನ್ನದೂ ಹೊರಬೀಳುತ್ತದೆ ಅನ್ನುವ ಭಯ ನನಗಿತ್ತು.

ಒಂಬತ್ತನೆಯ ದಿನ ಅಳಿಯನಿಂದ ನನಗೆ ಒಂದು ಪತ್ರ ಬಂತು, ಕಂಪ್ಯೂಟರಿನಲ್ಲಿ. ಕಚೇರಿಗೆ ಕೊಡುವ ವಿವರಣೆಯಂತೆ, ಫೈಲಿಗೆ ಸೇರಿಸಿ ಅಂತ ಬರೆದಿದ್ದ. ಆ ಫೋಟೋವನ್ನು ಮಾಡಿದವನು ನಾನೇ, ಹೆಂಡತಿಗಾಗಲಿ ಅವಳ ತಂದೆಗಾಗಲಿ ಏನೂ ತಿಳಿಯದು, ಯಾವ ಶಿಕ್ಷೆಯಿದ್ದರೂ ನನಗೆ ಕೊಡಿ ಎಂದಿತ್ತು. ಕೆಳಗೆ ನನಗೆಂದೇ ಎರಡು ಸಾಲು, ನಮ್ಮ ಭಾಷೆಯಲ್ಲಿ, ಅಲ್ಲಲ್ಲಿ ಅಕ್ಷರ ತಪ್ಪಿ: "ಅವಳಿಗೆ ಅಪ್ಪ ಒಬ್ಬರೇ ಇರುವುದು. ಅವರ ಮೇಲೆ ಸಿಟ್ಟು ಬೇಡ. ನನ್ನ ಮೇಲಿನ ಸಿಟ್ಟು ಆಮೇಲೆ ಹೋಗುತ್ತದೆ."

ನಾನು ಅದನ್ನು ಅಣ್ಣನಿಗೆ ಓದಿ ಹೇಳಿದೆ. ಅವರು ಇನ್ನೊಂದು ಸಲ ಓದು ಅಂದರು. ಓದಿದೆ. ಗಿರಾಕಿಗಳು ಫೋಟೋಕ್ಕೆ ಕೂರುವ ಸ್ಟೂಲಿನ ಮೇಲೆ ಕುಸಿದು ಕೂತು, ಎರಡೂ ಕೈಯಿಂದ ತಲೆ ಚಚ್ಚಿಕೊಂಡರು. "ಹಿಂದಿಲ್ಲ ಮುಂದಿಲ್ಲ ಅಂದ್ರಲ್ಲ ಇವನನ್ನ... ನಾನೆಂಥ ದರಿದ್ರದವನಮ್ಮಾ" ಅಂತ ಚಿಕ್ಕ ಮಕ್ಕಳ ಹಾಗೆ ಅತ್ತರು.

ಅಂದು ಸಂಜೆ ಮಗಳು ಕೆಲಸ ಮುಗಿಸಿ ಬಂದಾಗ ಎದ್ದು ನಿಂತು ಹೇಳಿದರು. ಸುತ್ತುಬಳಸು ಮಾಡಲಿಲ್ಲ. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಒಂಬತ್ತು ದಿನ ನಾನು ಅವರನ್ನ ಬೈಯೋದನ್ನ ಕೇಳಿಸ್ಕೊಂಡು ಕೂತಿದ್ರಾ ಅಪ್ಪಾ?"

ಅವಳು ನನ್ನತ್ತ ತಿರುಗಿದಳು. ಅಷ್ಟರಲ್ಲಿ ಅಣ್ಣನೇ ಅಂದರು: "ಆಂಟಿಗೆ ಏನೂ ಗೊತ್ತಿರ್ಲಿಲ್ಲ ಕಣಮ್ಮ. ಮುಚ್ಚಿದ ಲಕೋಟೆ ಕೊಟ್ಟು ಅವಳಿಗೂ ನಾನು ಸುಳ್ಳೇ ಹೇಳಿದ್ದು."

ನಾನು ಇಲ್ಲ ಅನ್ನಬೇಕಿತ್ತು. ಅನ್ನಲಿಲ್ಲ.

ಮರುದಿನ ಅಳಿಯನ ಪತ್ರವನ್ನು ಬದಿಗಿಟ್ಟು ಅಣ್ಣ ಹೇಳುತ್ತಾ ಹೋದರು, ನಾನು ಟೈಪ್ ಮಾಡಿದೆ. ಮೂವತ್ತೊಂದು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ನನ್ನ ಮಗಳ ಮದುವೆಯ ಫೋಟೋದಲ್ಲಿ, ಅಲ್ಲಿಗೆ ಬಾರದ ವರನ ತಾಯಿಯನ್ನು ನಿಲ್ಲಿಸಿದವನು ನಾನು, ನೆಂಟರ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ಮಾಡಿದೆ, ಮಗಳಿಗೂ ಅಳಿಯನಿಗೂ ತಿಳಿಯದು. "ತಿಳಿಯದೆ ಆದ ತಪ್ಪು ಅಂತ ಹಾಕ್ಲಾ ಅಣ್ಣಾ?" ಅಂತ ಕೇಳಿದೆ. "ಬೇಡ. ತಿಳಿದೇ ಮಾಡಿದ್ದು" ಅಂದರು. ಆಮೇಲೆ ಕೊಂಚ ತಡೆದು, "ಕೆಳಗೆ ಇನ್ನೊಂದು ಸಾಲು ಹಾಕು. ಫೋಟೋದ ಕೆಳಗಿನ ಬರಹವನ್ನೂ ನಾನೇ ಬರೆದೆ ಅಂತ."

ನನ್ನ ಬೆರಳು ನಿಂತಿತು.

"ಹಾಕಮ್ಮ. ನನ್ನ ಅಂಗಡಿ ಹೆಂಗೂ ಹೋಯ್ತು. ನಿನ್ನ ಮೇಜಾದ್ರೂ ಉಳೀಲಿ."

ಹಾಕಿದೆ. ಅವರು ಸಹಿ ಮಾಡಿದರು.

ವಾರ ಕಳೆದು ಕಚೇರಿಯಿಂದ ನನಗೇ ಫೋನ್ ಬಂತು. ಅರ್ಜಿ ತುಂಬಿದವರು ನೀವೇ ತಾನೇ, ಈ ಹೇಳಿಕೆಯಲ್ಲಿರುವುದೆಲ್ಲ ನಿಜವೇ, ಫೋಟೋದ ಕೆಳಗಿನ ಬರಹವೂ ಅವರ ಕೈಯದೇ ಎಂದು ಕೇಳಿದರು. ಅಣ್ಣ ಒಳಗೆ ದೀಪದ ಸ್ಟ್ಯಾಂಡುಗಳನ್ನು ಬಿಚ್ಚಿ ಮೂಲೆಗಿಡುತ್ತಿದ್ದರು, ಕೈ ನಿಲ್ಲಿಸಿ ನನ್ನನ್ನೇ ನೋಡಿದರು. ಇಲ್ಲ ಅಂದರೆ ಹುಡುಗಿಯ ಫೈಲು ಮತ್ತೆ ಸಿಕ್ಕಿಕೊಳ್ಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಒಂದು ಕಾರಣ, ಒಪ್ಪುತ್ತೇನೆ. ಆದರೆ ಮೊದಲು ಹೊಳೆದದ್ದು ಪಟ್ಟಿಯಲ್ಲಿರುವ ನನ್ನ ಹೆಸರು.

"ಹೌದು ಸರ್. ಎಲ್ಲಾ ನಿಜ" ಅಂದೆ.

ಐದು ತಿಂಗಳ ಮೇಲೆ ವೀಸಾ ಬಂತು. ಅಷ್ಟರಲ್ಲಿ ಅಣ್ಣನ ಹೆಸರು ಪಟ್ಟಿಯಿಂದ ಹೋಗಿತ್ತು. ಗಿರಾಕಿಗಳು ನನ್ನ ಹತ್ತಿರ ಅರ್ಜಿ ತುಂಬಿಸಿಕೊಂಡು ಫೋಟೋಕ್ಕೆ ಎದುರಿನ ಅಂಗಡಿಗೆ ಹೋಗುತ್ತಿದ್ದರು, ಅಣ್ಣ ಖಾಲಿ ಕೋಣೆಯಲ್ಲಿ ಕೂತು ಅದನ್ನು ನೋಡುತ್ತಿದ್ದರು. ನನ್ನ ಮೇಲೆ ಒಂದು ದಿನವೂ ಮುಖ ಗಂಟು ಹಾಕಲಿಲ್ಲ. ಮಗಳು ಅಪ್ಪನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು: ಮಾತ್ರೆ ತಗೊಂಡ್ರಾ, ಬಾಗಿಲು ಹಾಕ್ಕೊಳ್ಳಿ, ಅಷ್ಟೇ.

ಹೊರಡುವ ದಿನ ಅಂಗಡಿಗೆ ಬಂದಳು. ಹೊರಗೆ ಕಾರು ನಿಂತಿತ್ತು. ಅಪ್ಪನ ಕೈಯನ್ನು ಒಮ್ಮೆ ಹಿಡಿದು ಬಿಟ್ಟಳು. ಆಮೇಲೆ ನನ್ನ ಮೇಜು ಬಳಸಿ ಬಂದು, ಎರಡೂ ತೋಳಿನಿಂದ ನನ್ನ ಕುತ್ತಿಗೆ ಬಳಸಿ ಬಿಕ್ಕಳಿಸಿ ಅತ್ತಳು.

"ಇಷ್ಟೆಲ್ಲಾ ಆದ್ರೂ ನನಗೆ ಸುಳ್ಳು ಹೇಳದೇ ಇದ್ದಿದ್ದು ನೀವೊಬ್ಬರೇ ಆಂಟಿ" ಅಂದಳು.

ಅವಳ ಭುಜದ ಮೇಲಿಂದ ಅಣ್ಣ ಕಾಣುತ್ತಿದ್ದರು. ನಾನು ಏನು ಹೇಳುತ್ತೇನೋ ಎಂದು ನೋಡದೆ, ನನಗೆ ಅನುಕೂಲವಾಗಲಿ ಎಂಬಂತೆ ಬೀದಿಯ ಕಡೆ ಮುಖ ತಿರುಗಿಸಿಕೊಂಡರು.

"ಹುಷಾರಾಗಿ ಹೋಗಿ ಬಾ ಪುಟ್ಟಾ" ಅಂದೆ, ಅವಳ ಬೆನ್ನು ಸವರುತ್ತಾ.